ಮಗಳು ಮನಃಶಾಸ್ತ್ರ ಓದುತ್ತೇನೆ ಎಂದಾಗ

ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ತೆರನಾದುದು. ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಇವುಗಳನ್ನೆಲ್ಲ ಬಿಟ್ಟು ಮಗಳು “ನಾನು ಸೈಕಾಲಜಿ ಓದುತ್ತೇನೆ” ಎಂದಳೆಂದರೆ ಅಪ್ಪ ಅಮ್ಮನ ಮುಖ ನೋಡುತ್ತಾರೆ, ಅಮ್ಮ ಅಜ್ಜಿಯ ಮುಖ ನೋಡುತ್ತಾರೆ. “ಹುಚ್ಚರ ಡಾಕ್ಟರ್ ಆಗ್ತೀಯೇನೇ?” ಎಂದು ಚಿಕ್ಕಪ್ಪ ನಗುತ್ತಾರೆ. ನಗುವ ಮೊದಲು ಕೆಲವು ವಿಷಯಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಇದು ಏಳೆಂಟು ವರ್ಷಗಳ ಓದು. ದಾರಿ ತಪ್ಪಿದರೆ ಹಣಕ್ಕಿಂತ ಹೆಚ್ಚಾಗಿ ಮಗುವಿನ ವರ್ಷಗಳೇ ವ್ಯರ್ಥವಾಗುತ್ತವೆ.

ಮೊದಲನೆಯದಾಗಿ, ಮನೋವೈದ್ಯರು ಬೇರೆ, ಮನಃಶಾಸ್ತ್ರಜ್ಞರು ಬೇರೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿ, ಅನಂತರ ಮನೋರೋಗ ಚಿಕಿತ್ಸೆಯಲ್ಲಿ ಎಂ.ಡಿ. ಅಥವಾ ಸಮಾನ ಪದವಿ ಪಡೆದವರು. ಅವರು ಔಷಧಿ ಬರೆದುಕೊಡುತ್ತಾರೆ. ಮನಃಶಾಸ್ತ್ರ ಓದಿದವರು ಔಷಧಿ ಬರೆಯುವುದಿಲ್ಲ. ಅವರ ಕೆಲಸ ಪರೀಕ್ಷೆ, ಮಾತುಕತೆ, ತರಬೇತಿ, ಸಂಶೋಧನೆ. ಚಿಕ್ಕಪ್ಪನವರ ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಅವರು ಬಳಸಿದ ಆ ಪದವನ್ನು ಮನೆಯಲ್ಲಿ ಯಾರೂ ಬಳಸದಿದ್ದರೆ ಇನ್ನೂ ಒಳ್ಳೆಯದು. ಆ ಪದಕ್ಕೆ ಹೆದರಿಯೇ ಎಷ್ಟೋ ಮಂದಿ ತಮ್ಮ ಸಂಕಟವನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಈ ವಿಷಯ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಎಂಟೇ ವರ್ಷಗಳಲ್ಲಿ, 1924ರಲ್ಲಿ, ಮೈಸೂರು ವಿಶ್ವವಿದ್ಯಾಲಯವೂ ಅದನ್ನು ಆರಂಭಿಸಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ನಡೆಸಿದವರೂ ಇವರೇ ಎಂದರೆ ಹಲವರಿಗೆ ಆಶ್ಚರ್ಯವಾದೀತು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದು 1974ರಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ಇಂದಿನ ನಿಮ್ಹಾನ್ಸ್ ಆಯಿತು.

ಹಾಗಾದರೆ ಅಲ್ಲಿ ಕಲಿಸುವುದೇನು? ಎದುರಿಗಿರುವವರ ಮನಸ್ಸನ್ನು ಓದುವ ವಿದ್ಯೆ ಎಂದುಕೊಂಡು ಸೇರಿದವರಿಗೆ ಮೊದಲ ವರ್ಷವೇ ನಿರಾಸೆ. ಸಂಖ್ಯಾಶಾಸ್ತ್ರ ಬರುತ್ತದೆ, ಪ್ರಯೋಗ ಬರುತ್ತದೆ, ಮೆದುಳಿನ ರಚನೆ ಬರುತ್ತದೆ. ಲೆಕ್ಕಕ್ಕೆ ಹೆದರಿ ಕಲಾ ವಿಭಾಗಕ್ಕೆ ಬಂದವರು ಇಲ್ಲಿ ಮತ್ತೆ ಲೆಕ್ಕದ ಮುಂದೆ ಕುಳಿತುಕೊಳ್ಳಬೇಕು. ಇದನ್ನು ಮಗಳಿಗೆ ಮೊದಲೇ ಹೇಳಿಬಿಡಿ.

ಒಂದು ಪ್ರಯೋಗವನ್ನು ಉದಾಹರಣೆಗೆ ನೋಡೋಣ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿದರು. ಬಳಿಕ ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಕೆಲವರಿಗೆ “ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ” ಎಂದು ಕೇಳಿದರು, ಕೆಲವರಿಗೆ “ತಗುಲಿದಾಗ” ಎಂದು ಕೇಳಿದರು. ಅಪ್ಪಳಿಸಿದಾಗ ಎಂಬ ಮಾತು ಕೇಳಿದವರು ಗಂಟೆಗೆ ಸುಮಾರು 41 ಮೈಲಿ ಎಂದರು. ತಗುಲಿದಾಗ ಎಂಬ ಮಾತು ಕೇಳಿದವರು ಸುಮಾರು 32 ಎಂದರು. ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು “ಒಡೆದ ಗಾಜು ನೋಡಿದಿರಾ?” ಎಂದು ಕೇಳಿದರು. ಅಪ್ಪಳಿಸಿದಾಗ ಎಂಬ ಮಾತು ಕೇಳಿದ 50 ಮಂದಿಯಲ್ಲಿ 16 ಮಂದಿ ಹೌದೆಂದರು. ಡಿಕ್ಕಿ ಹೊಡೆದಾಗ ಎಂಬ ಮಾತು ಕೇಳಿದ 50 ಮಂದಿಯಲ್ಲಿ 7 ಮಂದಿ ಮಾತ್ರ ಹಾಗೆಂದರು. ವಾಸ್ತವವಾಗಿ ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ!

ಇದರಿಂದ ನಮಗೇನು ಎನ್ನಬೇಡಿ. ಮಗು ಅಳುತ್ತಾ ಶಾಲೆಯಿಂದ ಬಂದಾಗ “ಯಾರು ಹೊಡೆದರು? ಆ ಪಕ್ಕದ ಮನೆಯವನೇ ತಾನೇ?” ಎಂದು ಕೇಳುವ ತಾಯಿ, ತನಗರಿವಿಲ್ಲದೆ ಮಗುವಿನ ಬಾಯಿಗೆ ಉತ್ತರ ತುರುಕುತ್ತಾಳೆ. ನಾಲ್ಕು ಸಲ ಹಾಗೆ ಕೇಳಿದರೆ ಮಗುವೇ ಅದನ್ನು ನಂಬಿಬಿಡಬಹುದು. ಅಲ್ಲಿಂದ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. “ಏನಾಯಿತು, ಹೇಳು ಕಂದಾ” ಎಂದು ಕೇಳಿ ಸುಮ್ಮನೆ ಕಾಯುವುದನ್ನು ಕಲಿಯಲು ಪದವಿ ಬೇಕಾಗಿಲ್ಲ. ಆದರೆ ಅದೇಕೆ ಸರಿ ಎಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಈ ಶಾಸ್ತ್ರದವರೇ.

ಮೇಲಿನ ತರಗತಿಗಳಿಗೆ ಹೋದಂತೆ, ತಮ್ಮದೇ ಶಾಸ್ತ್ರವನ್ನು ಅನುಮಾನದಿಂದ ನೋಡುವುದನ್ನೂ ಕಲಿಸುತ್ತಾರೆ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಹೆಸರಾಂತ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿತು. ಮೊದಲಿನಂತೆ ಸ್ಪಷ್ಟ ಫಲಿತಾಂಶ ಸಿಕ್ಕಿದ್ದು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಅಧ್ಯಯನಗಳಲ್ಲಿ ಮಾತ್ರ. ಇದನ್ನು ಮುಚ್ಚಿಡದೆ ಪ್ರಕಟಿಸಿದರು. ನನಗಂತೂ ಈ ಶಾಸ್ತ್ರದ ಮೇಲಿನ ಗೌರವ ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಇನ್ನು ಓದಿನ ದಾರಿ. ಪದವಿಗೆ ಮೂರು ಅಥವಾ ನಾಲ್ಕು ವರ್ಷ, ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಎರಡು ವರ್ಷ. ಬಹಳ ಮಂದಿ ಇಲ್ಲಿಗೇ ಎಲ್ಲ ಮುಗಿಯಿತೆಂದು ತಿಳಿಯುತ್ತಾರೆ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಇದು ಸಾಲದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆರ್.ಸಿ.ಐ. ಎನ್ನುವ ಭಾರತೀಯ ಪುನರ್ವಸತಿ ಮಂಡಳಿ ಮನ್ನಿಸಿದ ವಿದ್ಯಾರ್ಹತೆ ಇರಬೇಕು. ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ, ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳ ನಡುವೆ ತರಬೇತಿ ಪಡೆದ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ಆಗಿರಬೇಕು. ಸೀಟುಗಳು ಕಡಿಮೆ, ಸ್ಪರ್ಧೆ ಬಹಳ. ಪಾಠ ಹೇಳುವ, ಸಂಶೋಧನೆ ಮಾಡುವ ಆಸೆಯಿದ್ದರೆ ಮುಂದೆ ಪಿಎಚ್.ಡಿ. ಇದೆ.

ಇಲ್ಲೊಂದು ಗೊಂದಲ ಉಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಆದರೂ ಯು.ಜಿ.ಸಿ. 2024ರ ಜನವರಿಯಲ್ಲಿ ಚಿಕಿತ್ಸಾ ಮನಃಶಾಸ್ತ್ರಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ 2025–26ರ ಸಾಲಿನವರೆಗೆ ಅವಕಾಶ ಕೊಟ್ಟಿತು. ಅಂದರೆ ಈಗ ಪದವಿಗೆ ಸೇರುವ ಹುಡುಗಿ ಆ ಹಂತಕ್ಕೆ ಬರುವಷ್ಟರಲ್ಲಿ ಕೋರ್ಸಿನ ಹೆಸರೇ ಬೇರೆಯಾಗಿರುತ್ತದೆ. ಅಂಚೆ ಶಿಕ್ಷಣದ ವಿಷಯವೂ ಹಾಗೆಯೇ. ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕಲಿಸಕೂಡದೆಂದು 2025ರಲ್ಲಿ ಯು.ಜಿ.ಸಿ. ಸೂಚಿಸಿತು. ಆದ್ದರಿಂದ ಕಾಲೇಜಿನವರ ಬಣ್ಣದ ಪುಸ್ತಿಕೆಯನ್ನು ನಂಬಿ ಶುಲ್ಕ ಕಟ್ಟಬೇಡಿ. ಮಂಡಳಿಯ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರಿದೆಯೇ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ನೀವೇ ನೋಡಿ. ಎರಡು ವಾರಾಂತ್ಯದ ತರಗತಿಗೆ ಹೋಗಿ ಬಾಗಿಲಿಗೆ ‘ಕೌನ್ಸೆಲರ್’ ಎಂದು ಬೋರ್ಡು ಹಾಕಿಕೊಂಡವರೂ ಇದ್ದಾರೆ. ಸಾಯಬೇಕೆನಿಸುತ್ತಿದೆ ಎಂದು ಬಂದವರ ಮುಂದೆ ಅಂಥವರು ಕುಳಿತರೆ ಏನಾದೀತು, ಯೋಚಿಸಿ.

ಪ್ರಾರ್ಥನೆ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಪಾಲನಾ ಸೇವೆಯಲ್ಲಿ ದೈವಶಾಸ್ತ್ರದ ಜೊತೆಗೆ ಮನಃಶಾಸ್ತ್ರ ಮತ್ತು ಸಮಾಜಶಾಸ್ತ್ರದ ಅರಿವನ್ನೂ ಬಳಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಅಷ್ಟನ್ನು ನೆನಪಿಸಿದರೆ ಸಾಕು.

ಭಾಷೆಯ ಬಗ್ಗೆ ಒಂದು ಮಾತು. ಮೇಲಿನ ಓದು ಬಹುಪಾಲು ಇಂಗ್ಲಿಷಿನಲ್ಲಿ. ಆದರೆ ರೋಗಿ ಬಂದು “ಎದೆ ಡವಡವ ಅನ್ನುತ್ತೆ, ತಲೆ ಭಾರ, ಯಾಕೋ ಜೀವವೇ ಬೇಡ ಅನಿಸುತ್ತೆ” ಎನ್ನುತ್ತಾನೆ. ಅದರಲ್ಲಿ ಯಾವುದು ದಣಿವು, ಯಾವುದು ಭಯ, ಯಾವುದು ಖಿನ್ನತೆ ಎಂದು ಬಿಡಿಸಲು ಕನ್ನಡ ಚೆನ್ನಾಗಿ ಬರಬೇಕು. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಪ್ಯಾರಿಸ್ಸಿನ ಮಗುವಿಗೆ ಸುಲಭವಾದ ಪ್ರಶ್ನೆ ಧಾರವಾಡದ ಮಗುವಿಗೆ ಸುಲಭವಾಗಲೇಬೇಕೆಂದಿಲ್ಲವಲ್ಲ! ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವರು ಈ ಕೆಲಸದಲ್ಲಿ ಹಿಂದೆ ಬೀಳಬೇಕಾಗಿಲ್ಲ.

ತನ್ನದೇ ನೋವಿಗೆ ಮದ್ದು ಸಿಕ್ಕೀತೆಂದು ಈ ವಿಷಯ ಆರಿಸಿಕೊಳ್ಳುವ ಮಕ್ಕಳೂ ಇರುತ್ತಾರೆ. ಮಗಳು ಇತ್ತೀಚೆಗೆ ಊಟ ಬಿಟ್ಟಿದ್ದಾಳೆಯೇ, ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಾಳೆಯೇ ಎಂದು ಗಮನಿಸಿ. ಹಾಗಿದ್ದರೆ ಮೊದಲು ಅವಳಿಗೆ ಸಹಾಯ ಕೊಡಿಸಿ, ಸೀಟಿನ ಮಾತು ಆಮೇಲೆ. ಓದು ಚಿಕಿತ್ಸೆಯಾಗುವುದಿಲ್ಲ. ಯಾವ ಊರಿನಿಂದಲೂ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಬಹುದು. ಕೇಂದ್ರ ಸರ್ಕಾರ ಇದನ್ನು 2022ರ ಅಕ್ಟೋಬರಿನಲ್ಲಿ ಆರಂಭಿಸಿತು.

ಕೆಲಸ ಸಿಕ್ಕೀತೇ ಎಂಬ ಪ್ರಶ್ನೆ ಉಳಿಯಿತು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿದಾಗ, ವಯಸ್ಕರಲ್ಲಿ ಶೇಕಡಾ 10.6 ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಶಾಲೆ, ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ವಿಶೇಷ ಮಕ್ಕಳ ಶಾಲೆ, ಕಾರ್ಖಾನೆ, ಎಲ್ಲ ಕಡೆ ಕೆಲಸವುಂಟು. ಆರಂಭದ ಸಂಬಳ ಇಂಜಿನಿಯರನಷ್ಟು ಇರಲಿಕ್ಕಿಲ್ಲ. ಅಕ್ಕನ ಮದುವೆಯ ಸಾಲ ಈ ಹುಡುಗಿಯ ಸಂಬಳದಿಂದಲೇ ತೀರಬೇಕೆಂದಿದ್ದರೆ, ಅದನ್ನು ಈಗಲೇ ಅವಳ ಮುಂದೆ ಇಟ್ಟು ಮಾತನಾಡಿ. ಅವಳು ಐದನೆಯ ವರ್ಷದಲ್ಲಿರುವಾಗ ಬೇಡ.