ಗೃಹಕೃತ್ಯದಲ್ಲಿ ಇಂಧನದ ಲೆಕ್ಕ

ಗೃಹಕೃತ್ಯಶಾಸ್ತ್ರದ ಪಾಠಗಳಲ್ಲಿ ಇಂಧನವನ್ನು ಕುರಿತು ನಾವು ಮುಖ್ಯವಾಗಿ ಹೇಳಿಕೊಡುವುದು ಅದರ ಕ್ರಯ, ಅದರ ಹೊಗೆ, ಅದರಿಂದ ಒದಗಬಹುದಾದ ಅಪಾಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಮನೆವಾರ್ತೆ ನಡೆಯಿಸುವವರಾಗಿ ಇವನ್ನೆಲ್ಲಾ ನಮಗಿಂತಲೂ ಚೆನ್ನಾಗಿ ಅರಿತಿರುವರು. ಆದರೆ ಖರ್ಚಿನ ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನು ಎಳೆಯಬೇಕಾದ ಕಾಲವು ಬಂದಿದೆ. ಅದು ತೂಕದ ಅಂಕಣ. ನಾವು ಉರಿಸಿದ ಇಂಧನದಿಂದ ಎಷ್ಟು ಕಿಲೋ ಇಂಗಾಲಾಮ್ಲ ವಾಯು ಹುಟ್ಟಿತೆಂಬುದನ್ನು ಅಲ್ಲಿ ಬರೆಯತಕ್ಕದ್ದು. ಈಗಿನ ಪಾಠಪುಸ್ತಕಗಳಲ್ಲಿ ಇದೇ ವಾಯುವಿಗೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು. ಆ ಲೆಕ್ಕವನ್ನು ಮಾಡುವ ಕ್ರಮವನ್ನು, ತಂದೆತಾಯಂದಿರೂ ಓದಲೆಂದು, ಇಲ್ಲಿ ಬರೆಯುತ್ತೇವೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ತೋಟದ ಮಡಲು, ಗೆರಟೆ, ಅಡಿಕೆಯ ಸೋಗೆ ಇವು ಕೆಲವೇ ವರ್ಷಗಳ ಹಿಂದೆ ಗಾಳಿಯಿಂದ ಹೀರಿಕೊಂಡ ಇಂಗಾಲವನ್ನು ಉರಿಯುವಾಗ ಗಾಳಿಗೇ ಹಿಂದೆ ಕೊಡುತ್ತವೆ. ಮುಂದಿನ ಮಡಲು ಅದನ್ನು ಮತ್ತೆ ತೆಗೆದುಕೊಳ್ಳುತ್ತದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲು, ಚಿಮಿಣಿ ಎಣ್ಣೆ, ಅಡುಗೆಯ ಗ್ಯಾಸು ಇವುಗಳ ಸಂಗತಿ ಬೇರೆ. ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಗಿಡಗಳೂ ಸೂಕ್ಷ್ಮಜೀವಿಗಳೂ ನೆಲದೊಳಗೆ ಹೂತುಹೋಗಿ ಇವು ಉಂಟಾದವು. ಇವುಗಳಲ್ಲಿರುವ ಇಂಗಾಲವು ಈಗಿನ ಗಾಳಿಗೆ ಹೊಸದು. ಅದರಲ್ಲಿ ಸುಮಾರು ಅರ್ಧವನ್ನು ಕಾಡುಗಳೂ ಸಮುದ್ರವೂ ಹೀರಿಕೊಂಡರೂ ಉಳಿದರ್ಧವು ಗಾಳಿಯಲ್ಲಿಯೇ ನಿಲ್ಲುತ್ತದೆ. ಯಂತ್ರಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ವಾಯುವು ಸುಮಾರು 280 ಭಾಗವಿತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ ಅದು 315ರಷ್ಟು. ಈಗ 420ನ್ನು ಮೀರಿದೆ.

ಈ ವಾಯುವು ಕಾವನ್ನು ಹಿಡಿದಿಡುತ್ತದೆಂದು 1856ರಷ್ಟು ಹಿಂದೆಯೇ ತೋರಿಸಿದವರು ಅಮೇರಿಕದ ಯೂನಿಸ್ ಫೂಟ್ ಎಂಬ ಮಹಿಳೆ. ಗಾಜಿನ ಕೊಳವೆಗಳೂ ಥರ್ಮಾಮೀಟರುಗಳೂ ಆಕೆಯ ಮುಖ್ಯ ಸಲಕರಣೆ. ಒಂದರಲ್ಲಿ ಸಾಧಾರಣ ಗಾಳಿಯನ್ನೂ ಇನ್ನೊಂದರಲ್ಲಿ ಇಂಗಾಲಾಮ್ಲವನ್ನೂ ತುಂಬಿಸಿ ಬಿಸಿಲಿಗಿಟ್ಟಾಗ, ಇಂಗಾಲಾಮ್ಲದ ಕೊಳವೆ ಹೆಚ್ಚು ಕಾಯಿತು. ಬಿಸಿಲಿನಿಂದ ತೆಗೆದ ಮೇಲೆ ತಣಿಯುವುದಕ್ಕೂ ಅದು ಬಹಳ ಹೊತ್ತು ತೆಗೆದುಕೊಂಡಿತು. ಆಕೆಯ ಲೇಖನವನ್ನು ವಿದ್ವಾಂಸರ ಸಭೆಯಲ್ಲಿ ಓದಿದವರು ಪುರುಷರೊಬ್ಬರು. ಆಕೆಯ ಹೆಸರು ನೂರೈವತ್ತು ವರ್ಷಗಳ ತನಕ ಮರೆತೇಹೋಗಿತ್ತು. ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದನ್ನು ಹೇಳದೆ ಮುಂದೆ ಹೋಗಲಾರೆವು.

ನಮ್ಮ ಊರುಗಳಿಗೆ ಇದರಿಂದೇನು? 2019ನೆಯ ಇಸವಿಯ ಮೇ ತಿಂಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು, ಮಂಗಳೂರಿಗೆ ಸರದಿಯ ಪ್ರಕಾರ ನೀರು ಬಿಡಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿಗೆ ಸೇರುವ ಹೊಳೆಗಳು ಉಕ್ಕಿ, ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆಯ ಮನೆಗಳಿಗೂ ತೋಟಗಳಿಗೂ ಕೆಸರು ನುಗ್ಗಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಜರಿದು ರಸ್ತೆ ಮುಚ್ಚಿಹೋಯಿತು. ನೆರೆಯು ನಮಗೆ ಹೊಸದಲ್ಲ. 1923ರದನ್ನೂ 1974ರದನ್ನೂ ಬಂಟ್ವಾಳದವರು ಇಂದಿಗೂ ಹೇಳುತ್ತಾರೆ. ಒಂದು ನೆರೆಯನ್ನು ಒಬ್ಬರ ಕಾರಿಗೆ ಗಂಟುಹಾಕುವುದು ನ್ಯಾಯವೂ ಅಲ್ಲ, ಶಾಸ್ತ್ರವೂ ಅಲ್ಲ. ಆದರೆ ಗಾಳಿಯು ಒಂದು ಡಿಗ್ರಿ ಹೆಚ್ಚು ಬೆಚ್ಚಗಾದರೆ ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದಕಾರಣ ಮಳೆ ಬಂದರೆ ಒಮ್ಮೆಗೇ ಸುರಿಯುವುದು ಹೆಚ್ಚುತ್ತದೆ, ಮಳೆಯಿಲ್ಲದಾಗ ನೆಲವು ಬೇಗನೆ ಒಣಗುತ್ತದೆ.

ಇನ್ನು ಲೆಕ್ಕ. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ. ಅದು ಉರಿದಾಗ ಹುಟ್ಟುವ ಇಂಗಾಲಾಮ್ಲವಾದರೋ 2.3 ಕಿಲೋ. ಮುಕ್ಕಾಲು ಕಿಲೋ ಎರಡು ಕಿಲೋವನ್ನು ಮೀರುವುದು ಹೇಗೆಂದು ಹುಡುಗಿಯರು ಕೇಳಿದರೆ ನಮಗೆ ಸಂತೋಷ. ಇಂಗಾಲದ 12 ತೂಕವು ಗಾಳಿಯಲ್ಲಿರುವ ಆಮ್ಲಜನಕದ 32 ತೂಕವನ್ನು ಕೂಡಿಕೊಂಡು 44 ಆಗುತ್ತದೆ. ಹೆಚ್ಚಿದ ಭಾರವೆಲ್ಲಾ ಗಾಳಿಯಿಂದ ಬಂದದ್ದು. ಇದೇ ಕ್ರಮದಲ್ಲಿ 14.2 ಕಿಲೋ ಗ್ಯಾಸು ತುಂಬಿದ ಸಿಲಿಂಡರಿನಿಂದ ಸುಮಾರು 42 ಕಿಲೋ. ವಿದ್ಯುತ್ತಿನ ಒಂದು ಯೂನಿಟಿಗೆ ದೇಶದ ಸರಾಸರಿ ಸುಮಾರು 0.7 ಕಿಲೋ. ವಿದ್ಯುತ್ತಿಗೆ ಮನೆಯಲ್ಲಿ ಹೊಗೆಯಿಲ್ಲ, ನಿಜ. ಹೊಗೆಯಿರುವುದು ಬೇರೆ ಕಡೆ. ನೆರೆಯ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1200 ಮೆಗಾವಾಟಿನ ಸ್ಥಾವರವಿದೆ. ಹಡಗಿನಲ್ಲಿ ಬಂದ ಪರದೇಶದ ಕಲ್ಲಿದ್ದಲೇ ಅದರ ಇಂಧನ.

ಅಡುಗೆಮನೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಹೊಗೆಯ ಒಲೆಯ ಮುಂದೆ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿಕೊಂಡ ತಾಯಿ ಗ್ಯಾಸಿಗೆ ಬಂದಿದ್ದರೆ ಅವಳಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ವರ್ಷಕ್ಕೆ 8 ಸಿಲಿಂಡರು ಉರಿಸುವ ಮನೆಯ ತೂಕ ಸುಮಾರು 340 ಕಿಲೋ, ಅಷ್ಟೇ. ಅದರಲ್ಲಿಯೂ ಉಳಿತಾಯಕ್ಕೆ ದಾರಿಯುಂಟು. ನಮ್ಮ ಕುಚ್ಚಲಕ್ಕಿಯು ಬೆಳ್ತಿಗೆ ಅಕ್ಕಿಯಂತೆ ಬೇಗನೆ ಬೇಯುವುದಿಲ್ಲ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟೇ ದೊಡ್ಡದು ಮಾಡಿದರೂ ಅದರ ಬಿಸಿ 100 ಡಿಗ್ರಿಯನ್ನು ಮೀರದು. ಹೆಚ್ಚಿನ ಗ್ಯಾಸೆಲ್ಲಾ ಆವಿಯಾಗಿ ಮಾಡಿನ ಹಂಚಿಗೆ ಹೋಗುತ್ತದೆ. ಆದುದರಿಂದ ಅಕ್ಕಿಯನ್ನು ಮೊದಲೇ ನೆನೆಯಿಸಿ, ಕುದಿ ಬಂದ ಮೇಲೆ ಸ್ವಲ್ಪ ಹೊತ್ತು ಸಣ್ಣ ಉರಿಯಲ್ಲಿಟ್ಟು, ಮುಚ್ಚಳ ಬಿಗಿದು, ಬೈಹುಲ್ಲನ್ನೋ ಹಳೆಯ ಕಂಬಳಿಯನ್ನೋ ಸುತ್ತಲೂ ತುರುಕಿದ ಪೆಟ್ಟಿಗೆಯೊಳಗೆ ಪಾತ್ರೆಯನ್ನು ಇಡಬೇಕು. ಒಳಗಿನ ಬಿಸಿಯಲ್ಲಿಯೇ ಅನ್ನವು ಬೇಯುತ್ತದೆ. ಬಡಿಸುವ ತನಕ ಪೆಟ್ಟಿಗೆಯನ್ನು ತೆರೆಯಬಾರದು; ಇಣಿಕಿ ನೋಡುವವರಿಗೆ ಅಕ್ಕಿಯೇ ಸಿಕ್ಕೀತು.

ಸ್ನಾನದ ನೀರಿಗೆ ತೋಟವಿರುವವರು ಗೆರಟೆ ಮಡಲುಗಳನ್ನು ಉರಿಸುವುದೇ ಲೇಸು, ಹೊಗೆ ಹೋಗಲು ಕೊಳವೆಯಿರುವುದಾದರೆ. ಇತರರಿಗೆ ಮಾಡಿನ ಮೇಲಿನ ಸೂರ್ಯನ ಹೀಟರು ಉಂಟು, ಆಷಾಢದಲ್ಲಿ ಅದನ್ನು ನಂಬುವಂತಿಲ್ಲವಾದರೂ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಅನೇಕ ಮನೆಗಳಿಗೆ ಸೊನ್ನೆಯ ಬಿಲ್ಲು ಬರುತ್ತಿದೆ. ಬಡವರಿಗೆ ಅದು ದೊಡ್ಡ ಸಹಾಯ. ಆದರೆ ಸೊನ್ನೆಯು ರೂಪಾಯಿಯ ಅಂಕಣದಲ್ಲಿ ಮಾತ್ರ. ಯೂನಿಟುಗಳನ್ನೂ ಅದೇ ಕಾಗದದಲ್ಲಿ ಬರೆದಿರುತ್ತಾರೆ. ಅದನ್ನು ಓದಿ 0.7ರಿಂದ ಗುಣಿಸುವುದನ್ನು ಏಳನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು.

ಈಗ ರಸ್ತೆಗೆ ಬರೋಣ. ಮನೆಯಿಂದ ಶಾಲೆಗೆ 10 ಕಿಲೋಮೀಟರು ಎಂದಿಟ್ಟುಕೊಳ್ಳಿರಿ. ಬೆಳಗ್ಗೆ ಮಗಳನ್ನು ಬಿಟ್ಟು ಹಿಂದಿರುಗಿ, ಸಂಜೆ ಬಂದು ಕರೆದೊಯ್ದರೆ ಕಾರು ದಿನಕ್ಕೆ 40 ಕಿಲೋಮೀಟರು ಓಡಿತು. ಲೀಟರಿಗೆ 15 ಕಿಲೋಮೀಟರಿನಂತೆ ಹಿಡಿದರೆ ಸುಮಾರು 6 ಕಿಲೋ ಇಂಗಾಲಾಮ್ಲ; ಶಾಲೆಯ 200 ದಿವಸಗಳಿಗೆ 1200 ಕಿಲೋ. ಇಡೀ ಮನೆಯ ಅಡುಗೆಗೆ 340, ಒಬ್ಬಳು ಹುಡುಗಿಯ ಪ್ರಯಾಣಕ್ಕೆ 1200! ಮಿತವ್ಯಯದ ಉಪದೇಶವನ್ನು ನಾವು ಎಂದಿನಿಂದಲೂ ತಾಯಂದಿರಿಗೇ ಮಾಡುತ್ತಾ ಬಂದಿದ್ದೇವೆ. ತೂಕದ ಅಂಕಣವಾದರೋ ಅಂಗಳದಲ್ಲಿ ನಿಂತ ವಾಹನವನ್ನು ತೋರಿಸುತ್ತದೆ.

ಐಶ್ವರ್ಯವಂತ ದೇಶಗಳು ಮೊದಲು ಕಡಿಮೆ ಮಾಡಲಿ ಎನ್ನುವವರುಂಟು. ಆ ಮಾತಿನಲ್ಲಿ ನ್ಯಾಯವಿದೆ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ನಾದರೆ ಅಮೇರಿಕದಲ್ಲಿ 14ರ ಹತ್ತಿರ. ಆದರೆ ನಮ್ಮ 2 ಟನ್ನೆಂಬ ಸರಾಸರಿಯಲ್ಲಿ ಬಸ್ಸಿನ ಚಾರ್ಜಿಗೂ ಲೆಕ್ಕಹಾಕುವವರು, ಎರಡು ಕಾರುಗಳನ್ನು ಇಟ್ಟುಕೊಂಡವರು, ಎಲ್ಲರೂ ಸೇರಿದ್ದಾರೆ. ಎರಡನೆಯವರು ಮೊದಲನೆಯವರ ಮರೆಯಲ್ಲಿ ನಿಲ್ಲುವುದು ನಮಗೆ ಸರಿಕಾಣುವುದಿಲ್ಲ.

ಹೆತ್ತವರು ಕಾರಿನಲ್ಲಿ ಕರೆತರುವುದು ಮಗಳ ಕ್ಷೇಮಕ್ಕಾಗಿ ಎಂಬುದನ್ನು ಬಲ್ಲೆವು. ಹೆದ್ದಾರಿಯ ಅಂಚಿನಲ್ಲಿ ಒಬ್ಬಳೇ ನಡೆದು ಬರಲೆಂದು ನಾವು ಹೇಳುವವರಲ್ಲ. ಬಸ್ಸಿರುವ ದಾರಿಯವರು ನಾಲ್ಕೈದು ಮಂದಿ ಜೊತೆಯಾಗಿ ಬಸ್ಸಿನಲ್ಲಿ ಬರಬಹುದು. ಬಸ್ಸು ಅಪರೂಪವಾದ ಕಡೆಯವರು ಒಂದೇ ಕಾರಿನಲ್ಲಿ ನಾಲ್ವರನ್ನು ಸರದಿಯ ಮೇಲೆ ಕರೆತಂದರೆ ಒಬ್ಬೊಬ್ಬಳ ಪಾಲಿಗೆ 300 ಕಿಲೋ ಮಾತ್ರ ಬೀಳುವುದು. ಈ ಬಾರಿ ಶಾಲೆ ತೆರೆಯುವ ವಾರದಲ್ಲಿ ಕಚೇರಿಯ ಮೇಜಿನ ಮೇಲೆ ಒಂದು ಪುಸ್ತಕವನ್ನು ಇಟ್ಟಿರುತ್ತೇವೆ. ಸಿದ್ಧಕಟ್ಟೆ, ಬಂಟ್ವಾಳದ ದಾರಿಗೆ ಒಂದು ಪುಟ, ವೇಣೂರು, ಗುರುವಾಯನಕೆರೆ, ಬೆಳ್ತಂಗಡಿಯ ದಾರಿಗೆ ಇನ್ನೊಂದು. ಇಷ್ಟವುಳ್ಳವರು ಹೆಸರನ್ನೂ, ಮನೆಯಿಂದ ಹೊರಡುವ ಗಂಟೆಯನ್ನೂ, ವಾಹನದಲ್ಲಿ ಎಷ್ಟು ಮಕ್ಕಳಿಗೆ ಸ್ಥಳವುಂಟೆಂಬುದನ್ನೂ ಅದರಲ್ಲಿ ಬರೆಯಬೇಕಾಗಿ ಕೋರುತ್ತೇವೆ.