ಕೌದಿ ಕಳೆದರೆ ಎಲ್ಲಿ ಹುಡುಕಬೇಕು

ಧಾರವಾಡ, ಹಳಿಯಾಳ ಕಡೆಯ ಕೌದಿ ಹೊಲಿಯುವ ಹೆಣ್ಣುಮಕ್ಕಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಹೊಲಿಸಿಕೊಳ್ಳಲು ಬರುವವರ ನಡುವೆ, ಇದ್ದದ್ದನ್ನು ಕಳೆದುಕೊಂಡವರೂ ನಮ್ಮ ಕಟ್ಟೆಗೆ ಬಂದು ಕೂರತೊಡಗಿದರು. ತೀರಿಹೋದ ಅವ್ವನ ಸೀರೆ, ಅಪ್ಪನ ಧೋತರ, ಮಗಳ ಮೊದಲ ಲಂಗ ಎಲ್ಲ ಸೇರಿ ಒಂದು ಕೌದಿಯಾಗಿರುತ್ತದೆ. ದುಡ್ಡು ಕೊಟ್ಟರೆ ಅಂಥದು ಇನ್ನೊಂದು ಸಿಗುವುದಿಲ್ಲ. ಬಂಗಾರ ಕಳೆದರೆ ಓಣಿಯೆಲ್ಲ ಮರುಗುತ್ತದೆ. ಕೌದಿ ಕಳೆದರೆ ‘ಹಳೇ ಅರಿವಿ, ಹೋದರ ಹೋತು ಬಿಡ’ ಎನ್ನುತ್ತಾರೆ. ಆ ಮಾತಿಗೆ ಸೋತು ಹುಡುಕುವುದನ್ನೇ ಬಿಟ್ಟವರು ಬಹಳ ಜನ. ಬಿಡಬಾರದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಕಳವು ಎನ್ನುವ ಮೊದಲು ಮನೆಯೊಳಗೆ ವಿಚಾರಿಸಿ

ನಮ್ಮಲ್ಲಿಗೆ ಬಂದ ಪ್ರಕರಣಗಳಲ್ಲಿ ಹೆಚ್ಚಿನವು ಕಳವೇ ಅಲ್ಲ. ಮನೆಯವರ ಕೈಯಿಂದಲೇ ಕೌದಿ ಹೊರಗೆ ಹೋಗಿರುತ್ತದೆ. ಮನೆ ಬದಲಿಸುವಾಗ ಟಿವಿಗೋ ಫ್ರಿಜ್ಜಿಗೋ ಪೆಟ್ಟಾಗದಿರಲೆಂದು ಸುತ್ತಿದ ಕೌದಿ ಲಾರಿಯ ಜೊತೆಗೇ ವಾಪಸ್ ಹೋಗಿರುತ್ತದೆ. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಹೋಗುವಾಗ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹಾಸಿದ್ದು, ಗುಡ್ಡದ ಕೆಳಗೆ ಅಡಿಗೆ ಮಾಡಿ ಉಂಡ ಜಾಗದಲ್ಲೇ ಉಳಿದಿರುತ್ತದೆ. ಬಾಣಂತಿಯ ಜೊತೆ ತವರಿನಿಂದ ಗಂಡನ ಮನೆಗೆ ಬಂದದ್ದು ಯಾರದೋ ಟ್ರಂಕಿನ ತಳ ಸೇರಿರುತ್ತದೆ.

ದಸರೆಗೆ ಮೊದಲಿನ ವಾರಗಳಲ್ಲಿ ಕೌದಿಗಳು ಅದಲುಬದಲಾಗುವುದು ಬಹಳ. ಊರ ಹಾಸಿಗೆಯೆಲ್ಲ ಆಗ ಹೊಳೆಗೋ ಕೆರೆಗೋ ಬರುತ್ತದೆ. ಬಂಡೆಯ ಮೇಲೆ ಹತ್ತಾರು ಮನೆಯ ಕೌದಿ ಒಟ್ಟಿಗೆ ಒಣಗುತ್ತವೆ. ಸಂಜೆ ಹೊತ್ತು ಮುಳುಗುವಾಗ ಗಡಿಬಿಡಿಯಲ್ಲಿ ಮಡಚಿ ಹೊತ್ತುಕೊಂಡು ಹೋಗುತ್ತಾರೆ. ಅಂಥ ಹೊತ್ತಿನಲ್ಲಿ ಕಳೆದದ್ದಾದರೆ ಅವತ್ತು ಹೊಳೆಗೆ ಬಂದಿದ್ದ ಮನೆಗಳ ಹೆಸರು ಬರೆದುಕೊಂಡು ಒಂದೊಂದೇ ಬಾಗಿಲಿಗೆ ಹೋಗಿ. ‘ನಮ್ಮ ಕೌದಿ ನಿಮ್ಮಲ್ಲಿ ಐತೇನು’ ಎಂದು ಕೇಳಬೇಡಿ. ‘ನಿಮ್ಮದೇನರ ನಮ್ಮ ಗಂಟಿನ್ಯಾಗ ಬಂದೈತೇನ್ರೀ, ನೋಡಿ ಹೇಳ್ರಿ’ ಎನ್ನಿ. ಹಾಗೆ ಕೇಳಿದರೆ ಅವರೇ ಒಳಗೆ ಹೋಗಿ ಗಂಟು ಬಿಚ್ಚುತ್ತಾರೆ.

2. ‘ಬಣ್ಣಬಣ್ಣದ್ದು, ದೊಡ್ಡದು’ ಎಂಬ ವಿವರಣೆ ಸಾಲದು

‘ಹ್ಯಾಂಗಿತ್ತವ್ವಾ ಕೌದಿ?’ ಎಂದರೆ ಬರುವ ಉತ್ತರ ಯಾವಾಗಲೂ ಒಂದೇ. ‘ದೊಡ್ಡದಿತ್ರೀ, ಬಣ್ಣಬಣ್ಣದ್ದು.’ ಲೋಕದ ಕೌದಿಯೆಲ್ಲ ಹಾಗೇ ಇರುತ್ತದೆ. ಇಷ್ಟು ಹೇಳಿಕೊಂಡು ಸಂತೆ ಸುತ್ತಿದರೆ ಪ್ರಯೋಜನವಿಲ್ಲ. ಹುಡುಕಲು ಹೊರಡುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಅರ್ಧ ದಿನ ಮಾತಾಡಿಸಿ, ಹೇಳಿದ್ದನ್ನೆಲ್ಲ ಬರೆಯಿರಿ. ಈ ಅರ್ಧ ದಿನದಷ್ಟು ಉಪಯೋಗದ ಕೆಲಸ ಇಡೀ ಹುಡುಕಾಟದಲ್ಲಿ ಬೇರೆ ಇಲ್ಲ.

ನಾನು ಹಿಂಬದಿಯಿಂದ ಶುರುಮಾಡುತ್ತೇನೆ. ಮೇಲ್ಮುಖದ ತುಂಡುಗಳು ಕಣ್ಣು ತುಂಬುತ್ತವೆ, ನೆನಪಿನಲ್ಲಿ ಕಲಸಿಹೋಗುತ್ತವೆ. ಹಿಂದೆ ಮಾತ್ರ ಸಾಮಾನ್ಯವಾಗಿ ಒಂದೋ ಎರಡೋ ಅಖಂಡ ಸೀರೆ ಇರುತ್ತದೆ, ಅದು ಯಾರದೆಂದು ಮನೆಯವರಿಗೆ ಗೊತ್ತಿರುತ್ತದೆ. ಇಳಕಲ್ ಸೀರೆಯಾದರೆ ಅಂಚು ಚಿಕ್ಕಿ ಪರಾಸೋ ಗೋಮಿಯೋ ಗಾಯತ್ರಿಯೋ ಕೇಳಿ. ಕೆಂಪು ಬಿಳಿಯ ತೋಪ ತೆನೆ ಸೆರಗು ಯಾವ ಮೂಲೆಗೆ ಬಂದಿತ್ತು ಕೇಳಿ. ಸೆರಗು ಪಕ್ಕಕ್ಕೆ ಬಂದಿತ್ತೋ ಕಾಲಿನ ಕಡೆಗೋ ಎಂಬುದು ದಿನವೂ ಹೊದ್ದವರಿಗೆ ಮರೆತಿರುವುದಿಲ್ಲ.

ಆಮೇಲೆ ತೇಪೆಗಳು. ಕೌದಿ ಹಳೆಯದಾದಂತೆ ಮೇಲಿನ ತುಂಡು ಸವೆದು, ಅದರ ಮೇಲೆ ಇನ್ನೊಂದು ಕೂಡುತ್ತದೆ. ಆ ತೇಪೆಯ ದಾರ ಬೇರೆ, ಕೈ ಬೇರೆ, ಹೊಲಿಗೆಯ ಓಟವೂ ಬೇರೆ. ಮೊದಲ ಹೊಲಿಗೆಯಂಥದು ಇನ್ನೊಂದು ಕೌದಿಯಲ್ಲಿ ಇದ್ದೀತು, ಇಲಿ ಕಡಿದ ತೂತಿಗೆ ಗುಳೇದಗುಡ್ಡದ ಖಣದ ತುಂಡು ಹಚ್ಚಿದ ಗುರುತು ಇನ್ನೊಂದರಲ್ಲಿ ಇರಲಾರದು. ಕಲೆಗಳನ್ನೂ ನಾಚಿಕೆಯಿಲ್ಲದೆ ಬರೆಯಿರಿ. ಎಣ್ಣೆಯ ಕಲೆ, ಅರಿಸಿನದ ಕಲೆ, ಬೀಡಿಯ ಕಿಡಿ ಬಿದ್ದು ಸುಟ್ಟ ಕಲೆ, ಎಲ್ಲವೂ ಸಾಕ್ಷಿಯೇ. ಉದ್ದಗಲವನ್ನು ಮೊಳದಲ್ಲೇ ಹೇಳಲಿ, ಅಡಿಗೆ ಆಮೇಲೆ ತಿರುಗಿಸಿಕೊಂಡರಾಯಿತು. ಒಬ್ಬರೇ ಎತ್ತಿ ತಂತಿಗೆ ಹಾಕುತ್ತಿದ್ದಿರಾ, ಇಬ್ಬರು ಬೇಕಿತ್ತೇ ಎಂದು ಕೇಳಿದರೆ ದಪ್ಪ ಎಷ್ಟೆಂಬುದು ತಿಳಿಯುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಹಿಳೆಯರು ಕವಂದಿ ಎಂದು ಕರೆಯುವ ಕೌದಿಯಾದರೆ ಗುರುತು ಇನ್ನೂ ಸ್ಪಷ್ಟ. ಅಂಚಿನಲ್ಲಿ ಶುರುವಾದ ಹೊಲಿಗೆ ಸುತ್ತುಸುತ್ತಾಗಿ ಒಳಕ್ಕೆ ಸಾಗಿ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ‘ಫೂಲ’ ಕೂಡಿಸುತ್ತಾರೆ. ಅದಿಲ್ಲದ ಕವಂದಿ ಅವರ ಪ್ರಕಾರ ಮುಗಿದದ್ದೇ ಅಲ್ಲ. ಕ್ರೈಸ್ತ ಸಿದ್ದಿಗಳ ಕೆಲವು ಕವಂದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣುತ್ತದೆ. ಇದೆಲ್ಲ ನಿಮ್ಮ ಚೀಟಿಯಲ್ಲಿ ಇರಲಿ.

3. ಹೊಲಿದವಳನ್ನು ಜೊತೆಗೆ ಕರೆದುಕೊಳ್ಳಿ

ಮನೆಮನೆಗೆ ಬಂದು ಕೌದಿ ಹೊಲಿದುಕೊಡುವ ಗೊಂದಲಿಗರ ಹೆಣ್ಣುಮಕ್ಕಳು ತಮ್ಮ ಕೆಲಸವನ್ನು ಎಲ್ಲಿ ಕಂಡರೂ ಗುರುತಿಸುತ್ತಾರೆ. ಒಮ್ಮೆ ಗುಜರಿಯಲ್ಲಿ ಸಿಕ್ಕ ಕೌದಿಯನ್ನು ನೋಡಿ ಕಳೆದುಕೊಂಡ ಮನೆಯವರು ತಮ್ಮದೇ ಎಂದು ಕಣ್ಣೀರು ಹಾಕಿದ್ದರು. ಜೊತೆಗೆ ಬಂದಿದ್ದ ಹೊಲಿಯುವ ಅಜ್ಜಿ ಮೂಲೆಯನ್ನು ತಿರುವಿ ನೋಡಿ, ‘ಇದು ನನ್ನ ಕೈದಲ್ರೀ ಬಾಯಾರ. ನಾ ಮೂಲಿಗೆ ಬಂದಾಗ ದಾರ ಕಡಿಯಂಗಿಲ್ಲ, ಹಂಗ ಹೊಳ್ಳಿಸ್ತೀನಿ’ ಎಂದರು. ಅವರ ಮಾತೇ ನಿಜವಾಗಿತ್ತು. ಹಂಬಲಿಸಿ ನೋಡುವ ಕಣ್ಣಿಗೆ ಎಲ್ಲ ಕೌದಿಯೂ ತನ್ನದೇ ಆಗಿ ಕಾಣುತ್ತದೆ. ಹೊಲಿದ ಕೈಗೆ ಆ ಭ್ರಮೆ ಇಲ್ಲ.

ಗಂಟು ಎಲ್ಲಿ ಅಡಗಿಸುತ್ತಾಳೆ, ಒಂದು ಸಲಕ್ಕೆ ಸೂಜಿಗೆ ಎಷ್ಟು ಹೊಲಿಗೆ ಏರಿಸುತ್ತಾಳೆ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡುತ್ತಾಳೆ ಎಂಬುದು ಒಬ್ಬೊಬ್ಬಳದು ಒಂದೊಂದು ಬಗೆ. ಮೇಲಿಂದ ಕಾಣದ ಒಳಪದರಿನಲ್ಲಿ ಏನು ಹಾಕಿದ್ದಾಳೆಂಬುದು ಕೂಡ ಅವಳಿಗೆ ಮಾತ್ರ ನೆನಪಿರುತ್ತದೆ. ಹೊಲಿದವಳು ತೀರಿಹೋಗಿದ್ದರೆ ಅವಳಿಂದ ಕಲಿತ ಮಗಳನ್ನೋ ಸೊಸೆಯನ್ನೋ ಕೇಳಿ. ಬಂದವರಿಗೆ ಆ ದಿನದ ಕೂಲಿ, ಬಸ್ ಚಾರ್ಜು ಕೊಡುವುದು ನಿಮ್ಮ ಧರ್ಮ.

4. ಮಗುವಿನ ಫೋಟೋಗಳನ್ನು ತೆಗೆದು ನೋಡಿ

ಕೌದಿಯ ಫೋಟೋ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೂಸಿನ ಫೋಟೋ ಇದೆಯೇ ಎಂದರೆ ಇದೆ ಎನ್ನುತ್ತಾರೆ. ಆ ಕೂಸು ಮಲಗಿರುವುದು ಕೌದಿಯ ಮೇಲೇ. ತೊಟ್ಟಿಲು ಶಾಸ್ತ್ರ, ಸೀಮಂತ, ಕಾಯಿಲೆ ಬಿದ್ದ ಅಜ್ಜನನ್ನು ನೋಡಲು ಬಂದವರು ತೆಗೆದ ಚಿತ್ರ, ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯ ಮುಂದೆ ಮಕ್ಕಳು ನಿಂತದ್ದು, ಎಲ್ಲವನ್ನೂ ಹಿಗ್ಗಿಸಿ ನೋಡಿ. ಬಂಧುಗಳ ಫೋನಿನಲ್ಲೂ ಹುಡುಕಿಸಿ.

5. ಪೊಲೀಸ್ ಠಾಣೆಯಲ್ಲಿ ‘ಹಳೇ ಬಟ್ಟಿ’ ಎನ್ನಬೇಡಿ

ನಿಜವಾಗಿ ಕಳವೇ ಆಗಿದ್ದರೆ ದೂರಿನಲ್ಲಿ ಎರಡು ಸಂಗತಿ ಸರಿಯಾಗಿ ಬರಬೇಕು: ಬೆಲೆ ಮತ್ತು ಜಾಗ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಸಾಮಾನ್ಯ ಕಳವಿನದು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಅಸಂಜ್ಞೇಯ ಅಪರಾಧದ ಸಾಲಿಗೆ ಸೇರುತ್ತದೆ, ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಹಳೇದು, ಇನ್ನೂರು ಮುನ್ನೂರು ಆಗಬಹುದು’ ಎಂದು ನೀವೇ ಹೇಳಿಬಿಟ್ಟರೆ ಹುಡುಕಾಟ ಅಲ್ಲಿಗೇ ನಿಂತಂತೆ.

ಬೆಲೆಯನ್ನು ಉಬ್ಬಿಸಿ ಹೇಳಿ ಎನ್ನುತ್ತಿಲ್ಲ. ದೊಡ್ಡ ಕೌದಿಯೊಂದನ್ನು ಕೈಯಲ್ಲಿ ಹೊಲಿಯಲು ವಾರಗಳೇ ಹಿಡಿಯುತ್ತವೆ. ಆ ದಿನಗಳ ಕೂಲಿ, ಒಳಗಿರುವ ಸೀರೆಗಳು, ಅಂಥದೇ ಕೈಹೊಲಿಗೆಯ ಕೌದಿಗೆ ಇಂದು ಮಾರಾಟದ ದರ, ಇವನ್ನು ಕೂಡಿಸಿದರೆ ಬರುವುದು ಸಣ್ಣ ಮೊತ್ತವಲ್ಲ. ಹೊಲಿಯುವವರ ಸಂಘದಿಂದಲೋ ಮಾರುವ ಅಂಗಡಿಯಿಂದಲೋ ಒಂದು ಬೆಲೆಪತ್ರ ಬರೆಯಿಸಿಕೊಂಡು ಹೋಗಿ. ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟದೆ ಬಿಟ್ಟದ್ದರಿಂದಲೇ ಈ ವಸ್ತುಗಳನ್ನು ಯಾರೂ ಹುಡುಕುವುದಿಲ್ಲ. ನನಗೆ ಇದು ಬರೀ ಕಾನೂನಿನ ಮಾತಲ್ಲ.

ಜಾಗದ ವಿಷಯ ಹೀಗೆ. ವಾಸದ ಮನೆಯೊಳಗಿಂದ ಅಥವಾ ಬಸ್ಸು, ರೈಲಿನಂಥ ವಾಹನದಿಂದ ಕದ್ದದ್ದಾದರೆ ಅದು 305ನೇ ಸೆಕ್ಷನ್‌ಗೆ ಬರುತ್ತದೆ. ಅಲ್ಲಿ ಈ 5,000 ರೂಪಾಯಿಯ ಗಡಿ ಇಲ್ಲ, ಶಿಕ್ಷೆಯೂ ಹೆಚ್ಚು. ಆದ್ದರಿಂದ ‘ಕಳೆದುಹೋಗಿದೆ’ ಎಂದಷ್ಟೇ ಬರೆಯದೆ ಯಾವ ಕೋಣೆಯಿಂದ, ಯಾವ ಬಸ್ಸಿನಿಂದ ಎಂದು ಬರೆಯಿರಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ನಡೆದ ಜಾಗ ಬೇರೆ ಠಾಣೆಯ ವ್ಯಾಪ್ತಿಯದಾದರೂ ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ಮಾಡಿಸಬಹುದು.

6. ಬಸ್ಸು, ರೈಲು

ರೈಲಿನಲ್ಲಿ ಬಿಟ್ಟದ್ದಾದರೆ ಇಳಿದ ತಕ್ಷಣ 139ಕ್ಕೆ ಕರೆ ಮಾಡಿ, ಕೋಚ್ ಮತ್ತು ಸೀಟಿನ ಸಂಖ್ಯೆ ಹೇಳಿ. ರೈಲ್ವೆ ರಕ್ಷಣಾ ಪಡೆಯವರು ‘ಆಪರೇಷನ್ ಅಮಾನತ್’ ಹೆಸರಿನಲ್ಲಿ ಸಿಕ್ಕ ಸಾಮಾನನ್ನು ಹಿಂತಿರುಗಿಸುವ ಕೆಲಸ ಮಾಡುತ್ತಾರೆ. ಬಸ್ಸಾದರೆ ಟಿಕೆಟನ್ನು ಎಸೆಯಬೇಡಿ, ಅದರಿಂದಲೇ ಡಿಪೋ ಪತ್ತೆಯಾಗುತ್ತದೆ. ಫೋನಿನಲ್ಲಿ ‘ಗಂಟು’ ಎಂದರೆ ಬ್ಯಾಗು ಹುಡುಕಿ ಇಲ್ಲ ಎನ್ನುತ್ತಾರೆ. ‘ಕೌದಿ’ ಎಂದೇ ಹೇಳಿ. ಎಷ್ಟೋ ಸಲ ಅದು ಡಿಪೋದ ಬೆಂಚಿನ ಮೇಲೇ ಹಾಸಿರುತ್ತದೆ.

7. ಹಳೇ ಬಟ್ಟೆ ಹೋಗುವ ದಾರಿಯಲ್ಲಿ ನಡೆಯಿರಿ

ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವವರಿಂದ ಶುರುಮಾಡಿ. ಅವರು ದಿನದ ಕೊನೆಗೆ ಬಟ್ಟೆಯನ್ನು ಆರಿಸಿ ಬೇರೆ ಮಾಡುತ್ತಾರೆ. ಉಡುವಂಥದು ಸಂತೆಗೆ, ಹರಿದದ್ದು ಗ್ಯಾರೇಜುಗಳಲ್ಲಿ ಒರೆಸಲಿಕ್ಕೆ. ಕೌದಿ ಒರೆಸಲು ಬಾರದು, ಬಿಚ್ಚಲು ಹೋದರೆ ಹೊತ್ತು ಸಾಲದು. ಹಾಗಾಗಿ ಅದು ಸಾಮಾನ್ಯವಾಗಿ ಇಡಿಯಾಗಿಯೇ ಉಳಿಯುತ್ತದೆ. ನಮಗೆ ಇರುವ ದೊಡ್ಡ ಧೈರ್ಯ ಇದೇ. ಇಡೀ ಕೌದಿಯನ್ನು ಕೊಳ್ಳುವವರು ಲಾರಿ ಚಾಲಕರು, ಕಟ್ಟಡ ಕೆಲಸದವರು, ಕಬ್ಬು ಕಡಿಯಲು ಬಂದ ಗುಂಪಿನವರು. ಆದರೆ ಗಂಟು ಹುಬ್ಬಳ್ಳಿಯಂಥ ಊರಿಗೆ ಸಾಗಿಬಿಟ್ಟರೆ ಜಾಡು ತಪ್ಪುತ್ತದೆ. ಅದಕ್ಕೇ ಮೊದಲ ವಾರದಲ್ಲೇ ಓಡಾಡಬೇಕು.

ಚೆಂದದ ಕೌದಿಯಾದರೆ ದಾರಿ ಬೇರೆ. ಅದು ಹಳೆಯ ವಸ್ತು ಮಾರುವವರ ಕೈ ಸೇರಿ ದೊಡ್ಡ ಊರಿನ ಅಂಗಡಿಗೂ ಇಂಟರ್‌ನೆಟ್ ಮಾರಾಟಕ್ಕೂ ಹೋಗುತ್ತದೆ. ಅಲ್ಲಿ ಅದನ್ನು ಕೌದಿ ಎಂದು ಕರೆಯುವವರು ಕಡಿಮೆ. ಬಂಗಾಳದ ಕಾಂತಾ ಹೆಸರಿನಲ್ಲಿ ಕೊಳ್ಳುವವರು ಹೆಚ್ಚಿರುವುದರಿಂದ ಪದರು ಹೊಲಿಗೆಯ ಯಾವ ಹೊದಿಕೆಗೂ ಆ ಹೆಸರು ಅಂಟುತ್ತದೆ. ‘ವಿಂಟೇಜ್ ಕಾಂತಾ’ ಎಂದು ಹುಡುಕಿ, ರಾಜಸ್ಥಾನ ಮತ್ತು ಸಿಂಧ್ ಕಡೆಯ ರಲ್ಲಿ, ಮಹಾರಾಷ್ಟ್ರದ ಗೋಧಡಿ ಎಂದೂ ಹುಡುಕಿ. ಫೋಟೋ ಕೊಟ್ಟು ಅಂಥದೇ ಚಿತ್ರ ಹುಡುಕುವ ಸೌಲಭ್ಯ ಫೋನಿನಲ್ಲೇ ಇದೆ. ತೇಪೆ, ಅಂಚುಗಳ ಚಿತ್ರ ಹಾಕಿ ನೋಡಿ.

ನಿಮ್ಮ ಕೌದಿ ಎಲ್ಲಾದರೂ ಕಂಡರೆ ಮಾರುವವನ ಜೊತೆ ಜಗಳಕ್ಕೆ ನಿಲ್ಲಬೇಡಿ. ಚಿತ್ರವನ್ನೂ ವಿಳಾಸವನ್ನೂ ಉಳಿಸಿಕೊಂಡು ಠಾಣೆಗೆ ಹೋಗಿ. ಕದ್ದದ್ದೆಂದು ತಿಳಿದೂ ಇಟ್ಟುಕೊಳ್ಳುವುದು ಅಪರಾಧ. ತಿಳಿಯದೆ ಕೊಂಡವರು ಬಹಳಷ್ಟು ಸಲ ವಿಷಯ ಗೊತ್ತಾದ ಕೂಡಲೇ ಮರಳಿಸುತ್ತಾರೆ.

8. ಕೆಲಸದವರ ಮೇಲೆ ಬೆರಳು ತೋರಿಸಬೇಡಿ

ಮಡಿವಾಳರು, ಮನೆಗೆಲಸದವರು, ಜೀತವಿದ್ದಂತೆ ದುಡಿಯುವ ಆಳುಮಕ್ಕಳು, ಇವರ ಮೇಲೆಯೇ ಮೊದಲ ಅನುಮಾನ ಬೀಳುತ್ತದೆ. ಇದು ಅನ್ಯಾಯ, ಮತ್ತು ಹುಡುಕಾಟಕ್ಕೂ ಕೇಡು. ಊರಿನ ಬಟ್ಟೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಚೆನ್ನಾಗಿ ಬಲ್ಲವರು ಇವರೇ. ಯಾವ ಮನೆಯ ಅಂಗಳದಲ್ಲಿ ಹೊಸದಾಗಿ ಯಾವ ಕೌದಿ ಒಣಗುತ್ತಿದೆ ಎಂಬುದು ಇವರ ಕಣ್ಣಿಗೆ ಬಿದ್ದಿರುತ್ತದೆ. ಒಮ್ಮೆ ಕಳ್ಳರೆಂದು ಕರೆಸಿಕೊಂಡ ಮೇಲೆ ನಿಮಗಾಗಿ ಯಾಕೆ ಬಾಯಿ ತೆರೆಯುತ್ತಾರೆ?

9. ಈಗ ಮನೆಯಲ್ಲಿರುವ ಕೌದಿಗೆ ಗುರುತು ಮಾಡಿಸಿ

ಅಮೆರಿಕದ ಕೆಂಟಕಿಯಲ್ಲಿ 1981ರಲ್ಲಿ ಊರೂರಿಗೆ ಹೋಗಿ ಮನೆಗಳಲ್ಲಿದ್ದ ಹೊಲಿಗೆ ಹೊದಿಕೆಗಳನ್ನೆಲ್ಲ ದಾಖಲಿಸುವ ಕೆಲಸ ಶುರುವಾಯಿತು. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ನಮ್ಮಲ್ಲಿ ಸಿದ್ದಿ ಕವಂದಿಗಳ ಬಗ್ಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದರು, 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ಕೌದಿಗೆ ಅಂಥ ಊರೂರಿನ ದಾಖಲೆ ಆಗಬೇಕೆಂಬುದು ನನ್ನ ದೊಡ್ಡ ಆಸೆ. ಅಲ್ಲಿಯವರೆಗೆ ಬಿಸಿಲಿನಲ್ಲಿ ಹಾಸಿ ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಹಿಂಬದಿಯ ಮೂಲೆಯಲ್ಲಿ ಹೊಲಿದವರ ಹೆಸರು, ಊರು, ಇಸವಿಯನ್ನು ದಾರದಲ್ಲಿ ಹಾಕಿಸಿ. ಹೆಸರು ಹಾಕಿದ ಚಿಂದಿಯನ್ನು ಕಿತ್ತೊಗೆಯಬಹುದು, ಕೌದಿಯ ಮೈಗೇ ಹೊಲಿದದ್ದನ್ನು ಬಿಚ್ಚುವುದು ಕಷ್ಟ.

10. ಸಿಕ್ಕಮೇಲೆ ಮಾಡುವ ಕೆಲಸ

ಹೊಳೆಯ ಪ್ರವಾಹದಲ್ಲೋ ಮಳೆಯಲ್ಲೋ ನೆನೆದು ಸಿಕ್ಕದ್ದಾದರೆ ಗಂಟು ಕಟ್ಟಿ ಇಡಬೇಡಿ. 2019ರ ಆಗಸ್ಟಿನ ನೆರೆಯ ನಂತರ ಮಲಪ್ರಭೆಯ ದಂಡೆಯ ಊರುಗಳಲ್ಲಿ ಕೆಸರು ಮೆತ್ತಿದ ಕೌದಿಗಳನ್ನು ರಾಶಿ ಹಾಕಿ ಒಳಗೇ ಕೊಳೆಯಲು ಬಿಟ್ಟದ್ದನ್ನು ಕಂಡಿದ್ದೇನೆ. ಮೊದಲು ಕೆಸರು ಹೋಗುವ ತನಕ ಬರೀ ನೀರು ಹಾಯಿಸಿ. ಹಿಂಡಬೇಡಿ, ಹಳೇ ದಾರ ತಡೆಯುವುದಿಲ್ಲ. ಹಗ್ಗಕ್ಕೆ ತೂಗುಹಾಕದೆ ಹೊರಸಿನ ಮೇಲೆ ಹರಡಿ, ಗಾಳಿಗೆ ಒಣಗಿಸಿ.

ಹುಡುಕಿಕೊಟ್ಟವರಿಗೆ ಇನಾಮು ಕೊಡುತ್ತೇನೆಂದು ಹೇಳಿದ್ದರೆ ಅವತ್ತೇ ಕೊಡಿ. ಠಾಣೆಗೆ ಹೋಗಿ ಸಿಕ್ಕಿದೆ ಎಂದು ಬರೆದುಕೊಟ್ಟು ಬನ್ನಿ. ಬಸ್ ನಿಲ್ದಾಣದಲ್ಲಿ, ಕಿರಾಣಿ ಅಂಗಡಿಯಲ್ಲಿ ಕೌದಿ ಕಳೆದಿದೆ ಎಂದು ಚೀಟಿ ಅಂಟಿಸಿದ್ದರೆ ಅವನ್ನು ನೀವೇ ಕಿತ್ತು ತನ್ನಿ. ಪಾತ್ರೆಯವರಿಗೆ, ಗುಜರಿಯವರಿಗೆ, ಕಂಡಕ್ಟರಿಗೆ, ಯಾರಿಗೆಲ್ಲ ಹೇಳಿಟ್ಟಿದ್ದಿರೋ ಅಷ್ಟೂ ಜನಕ್ಕೆ ಸಿಕ್ಕಿತೆಂದು ತಿಳಿಸಿ. ಅವರು ಗಂಟು ಬಿಚ್ಚಿದಾಗಲೆಲ್ಲ ನಿಮ್ಮ ಕೌದಿಯನ್ನು ಹುಡುಕುತ್ತಿರುತ್ತಾರೆ. ಸಿಕ್ಕ ಸುದ್ದಿ ಮುಟ್ಟಿದರೆ, ಮುಂದೆ ಇನ್ನೊಬ್ಬಳು ಚೀಟಿ ಹಿಡಿದು ಬಂದಾಗ ಅವಳಿಗಾಗಿಯೂ ಬಿಚ್ಚಿ ನೋಡುತ್ತಾರೆ.