ಹರಳು ವಿಚಾರ: ಅಜ್ಜಿಯ ಕೆಂಪಿನ ಓಲೆ

ಪ್ರಶ್ನೆ: ನಮ್ಮಜ್ಜಿಗೆ 1940ರ ದಶಕದಲ್ಲಿ ಮದುವೆಗೆ ಹಾಕಿದ ಕೆಂಪಿನ ಓಲೆ ನನ್ನ ಬಳಿಯಿದೆ. ಅಂಗಡಿಯವರು ‘ಹರಳು ನೆಲದ್ದಲ್ಲ, ತಯಾರಿಸಿದ್ದು’ ಎನ್ನುತ್ತಾರೆ. ಆ ಕಾಲದಲ್ಲೂ ಇಂಥದ್ದು ಇತ್ತೇ ಸಾರ್?
– ಓದುಗಿ, ತಿಪಟೂರು

ಇತ್ತಮ್ಮ. ಫ್ರಾನ್ಸಿನ ಆಗಸ್ಟ್ ವೆರ್ನೂಯ್ ಮಾಣಿಕ್ಯ ತಯಾರಿಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದ. ಅಲ್ಯೂಮಿನಾ ಪುಡಿಗೆ ಚೂರು ಕ್ರೋಮಿಯಂ ಬೆರೆಸಿ, ಜಲಜನಕ–ಆಮ್ಲಜನಕದ ಉರಿಯಲ್ಲಿ ಕರಗಿಸಿ ಹನಿಸುತ್ತಿದ್ದರೆ ಕೆಲವೇ ಗಂಟೆಗಳಲ್ಲಿ ಹರಳಿನ ದಿಂಡು ಬೆಳೆಯುತ್ತದೆ. ಹಾಗೆಂದು ಅದನ್ನು ಗಾಜೆಂದು ಮೂಲೆಗೆ ಹಾಕಬೇಡಿ. ನೆಲದ ಮಾಣಿಕ್ಯದಂತೆ ಅದೂ ಕೊರಂಡಮ್ ಖನಿಜವೇ. ಮೋಸ್ ಮಾಪಕದಲ್ಲಿ ಗಡಸುತನ ಎರಡಕ್ಕೂ 9. ಆದ್ದರಿಂದ ಗೀಚಿ ನೋಡಿ ಏನೂ ತಿಳಿಯದು.

ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ ಹರಳನ್ನು ಮೆಲ್ಲಗೆ ಓರೆ ಮಾಡಿ ನೋಡಿ. ಗ್ರಾಮಫೋನ್ ತಟ್ಟೆಯ ಮೇಲಿನಂಥ ಬಾಗಿದ ಗೆರೆಗಳು, ದುಂಡು ಗುಳ್ಳೆಗಳು ಕಂಡರೆ ಅದು ಕುಲುಮೆಯದು. ನೆಲದ ಹರಳಿನಲ್ಲಿ ಗೆರೆಗಳು ನೇರ, ಕೋನವಾಗಿ ಕೂಡುತ್ತವೆ. ರೂಟೈಲ್ ಖನಿಜದ ಸಣ್ಣ ಸೂಜಿಗಳೂ ಕಾಣಬಹುದು. ಕಲೆಯೇ ಇಲ್ಲದ ದೊಡ್ಡ ಕಡುಗೆಂಪು ಹರಳು ಕಂಡರೆ ನನಗಂತೂ ಮೊದಲು ಬರುವುದು ಅನುಮಾನ. ಓಲೆಯ ಹಿಂಬದಿ ಮುಚ್ಚಿದ್ದರೆ ಪರೀಕ್ಷೆಗೆಂದು ಕೀಳಿಸಬೇಡಿ. ಹಳೆಯ ಕಟ್ಟಡ ಮತ್ತೆ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ಪ್ರಶ್ನೆ: ಮಾಣಿಕ್ಯ, ನೀಲ ಎರಡೂ ಒಂದೇ ಕಲ್ಲೇ?
– ವಿದ್ಯಾರ್ಥಿ, ಹಾಸನ

ಹೌದು. ಕೊರಂಡಮ್‌ಗೆ ಸ್ವಂತ ಬಣ್ಣವಿಲ್ಲ. ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಕೂಡಿದರೆ ನೀಲಿ. ಪುಷ್ಯರಾಗವೆಂದು ಮಾರುವ ಹಳದಿ ಹರಳೂ ಎಷ್ಟೋ ಸಲ ಇದೇ; ಟೋಪಾಜ್ ಬೇರೆ ಖನಿಜ, ಗಡಸುತನ 8. ನಮ್ಮ ಮೈಸೂರು ಸೀಮೆಯ ಮಾಣಿಕ್ಯ ಮಬ್ಬು, ನೇರಳೆಗೆಂಪು. ಆದರೆ ತಲೆ ಗುಂಡಾಗಿ ಉಜ್ಜಿದರೆ ಕೆಲವದರಲ್ಲಿ ಆರೆಳೆಯ ನಕ್ಷತ್ರ ಮೂಡುತ್ತದೆ. ಟಾರ್ಚ್ ಸರಿಸಿದರೆ ನಕ್ಷತ್ರವೂ ಸರಿಯಬೇಕು.

ಪ್ರಶ್ನೆ: ಅಗ್ಗಕ್ಕೆ ಕೊಂಡ ಮಾಣಿಕ್ಯದ ಉಂಗುರವನ್ನು ಅಳತೆ ದೊಡ್ಡದು ಮಾಡಲು ಕೊಟ್ಟಿದ್ದೆ. ವಾಪಸ್ ಬಂದಾಗ ಹರಳಿನ ತುಂಬ ಬಿರುಕು! ಆಚಾರ್ರ ತಪ್ಪಲ್ಲವೇ?
– ಓದುಗ, ದಾವಣಗೆರೆ

ಬಿರುಕು ಮೊದಲೇ ಇದ್ದಿರಬೇಕು. ಕೀಳುದರ್ಜೆಯ ಮಾಣಿಕ್ಯದ ಬಿರುಕುಗಳಿಗೆ ಸೀಸದ ಗಾಜು ತುಂಬಿ ಮಾರುವುದು ಈಗ ಮಾಮೂಲಿ. ಬೆಸುಗೆಯ ಉರಿಗೆ ಆ ಗಾಜು ತಡೆಯುವುದಿಲ್ಲ. ನಿಂಬೆರಸ ಕೂಡ ಅದನ್ನು ತಿನ್ನುತ್ತದೆ. ಬರೀ ಕಾಯಿಸಿ ಬಣ್ಣ ತಿದ್ದಿದ ಹರಳಿಗೆ ಈ ಕಾಟವಿಲ್ಲ. ಬಿಲ್ಲಿನಲ್ಲಿ ‘ಮಾಣಿಕ್ಯ’ ಎಂದಷ್ಟೇ ಬರೆದಿದ್ದರೆ ಪ್ರಯೋಗಾಲಯದ ವರದಿ ಮಾಡಿಸಿಕೊಂಡು ಮಾರಿದ ಅಂಗಡಿಗೇ ಹೋಗಿ ಕೇಳಿ. ಆಚಾರ್ರನ್ನು ಬಿಟ್ಟುಬಿಡಿ.